ಹಟ್ಟಿಯ ಕಾರು, ಎಳ್ಳೆಣ್ಣೆಯ ಟಯರು

ಸಂತೆಕಟ್ಟೆಯ ಟಯರಿನ ಅಂಗಡಿಯವನು ನನ್ನ ಕಾರಿನಿಂದ ನಾಲ್ಕು ಹಳೆಯ ಟಯರು ಇಳಿಸಿ, ಒಂದನ್ನು ತಿರುಗಿಸಿ ಮುರುಗಿಸಿ ನೋಡಿ, ಆಮೇಲೆ ನನ್ನ ಮುಖವನ್ನೂ ಹಾಗೆಯೇ ನೋಡಿದ.

“ಮೇಡಂ, ಇದು ಓಡಿದ್ದೇ ಇಲ್ಲ ಅಲ್ವಾ? ಸವೆದದ್ದು ಎಲ್ಲಿಯೂ ಕಾಣುದಿಲ್ಲ. ಮತ್ತೆ ರಬ್ಬರು ಯಾಕೆ ಹೀಗೆ ಉಬ್ಬಿ ಹೋದದ್ದು?”

ಗೊತ್ತಿಲ್ಲ ಎಂದೆ. ಅವನು ಬಿಡುವ ಜಾತಿಯಲ್ಲ. ಟಯರನ್ನು ಮೂಗಿನ ಹತ್ತಿರ ತಂದು ಎರಡು ಸಲ ಮೂಸಿದ. “ಎಳ್ಳೆಣ್ಣೆ ವಾಸನೆ ಬರ್ತಾ ಉಂಟಲ್ಲ ಮಾರಾಯ್ರೆ” ಎಂದು ಪಕ್ಕದ ಅಂಗಡಿಯವನನ್ನೂ ಕರೆದು ಮೂಸಿಸಿದ. ಇಬ್ಬರೂ ನನ್ನ ತಲೆಗೂದಲನ್ನು ನೋಡಿದರು. ನಾನು ಕಾಪುವಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸುವವಳು, ಸುಳ್ಳು ಹೇಳಿದವರ ಕಿವಿ ಹಿಂಡಿ ಅಭ್ಯಾಸ ಉಂಟೇ ಹೊರತು ಸುಳ್ಳು ಹೇಳಿ ಅಲ್ಲ. “ಹೊಸತು ನಾಲ್ಕು ಕೊಡಿ, ಅಗ್ಗದ್ದು ಸಾಕು, ಓಡಿಸಲಿಕ್ಕಲ್ಲ” ಎಂದುಬಿಟ್ಟೆ. ಅದನ್ನು ಕೇಳಿ ಅವನು ಮೂಸುವುದನ್ನೇ ನಿಲ್ಲಿಸಿದ.

ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಅವನಿಗೆ ಹೇಳಿದರೆ ಸಂಜೆಯೊಳಗೆ ಉಡುಪಿಯಿಡೀ ಸುದ್ದಿ. ನೀವಾದರೆ ಓದಿ, ನಕ್ಕು, ಪುಸ್ತಕ ಮಡಚಿಟ್ಟು ಊಟಕ್ಕೆ ಏಳುತ್ತೀರಿ.

ನನ್ನ ಗಂಡ ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಮ್ಯಾನೇಜರ್. ಹೆಸರು ಬರೆದರೆ ಸದಸ್ಯರಿಗೆ ಮುಖ ತೋರಿಸುವುದು ಹೇಗೆ ಎನ್ನುತ್ತಾರೆ, ಹಾಗಾಗಿ ‘ಇವರು’ ಎಂದೇ ಬರೆಯುತ್ತೇನೆ. ಇಸ್ತ್ರಿ ಇಲ್ಲದ ಕರ್ಚೀಫನ್ನು ಜೇಬಿಗಿಳಿಸದ ಮನುಷ್ಯ. ಹೆದ್ದಾರಿಯಲ್ಲಿ ಹಿಂದಿನಿಂದ ಸೈಕಲ್ ಬಂದರೂ ಪಕ್ಕಕ್ಕೆ ಸರಿದು, ಹೋಗಲಿ ಪಾಪ ಎನ್ನುವವರು. ಇಂಥವರಿಗೆ ಐವತ್ತು ಹತ್ತಿರ ಬಂದಾಗ ಕಾರಿನ ರೇಸಿನ ಹುಚ್ಚು ಹಿಡಿಯಿತು. ಆ ವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರು ಯೋಗಕ್ಕೆ ಸೇರುತ್ತಾರೆ, ಇವರಿಗೆ ಇದು ಬಂತು.

ಬಿಡಿಬಿಡಿಯಾಗಿ ಸಿಗುವ ಕಾರು ಉಂಟಂತೆ. ಚೌಕಟ್ಟಿನ ಪೈಪು, ಸ್ಟಿಯರಿಂಗು, ಸೀಟು ಎಲ್ಲ ಪೆಟ್ಟಿಗೆಯಲ್ಲಿ ಬರುತ್ತದೆ. ಗುಜರಿಯಿಂದ ಯಾವುದಾದರೂ ಸಣ್ಣ ಕಾರಿನ ಎಂಜಿನ್ ತಂದು ನಾವೇ ಜೋಡಿಸಿಕೊಂಡರೆ ರೇಸ್ ಕಾರು ತಯಾರು. “ಶ್ರೀಮಂತರು ಮಾತ್ರ ರೇಸ್ ಓಡಿಸಬೇಕೂಂತ ಎಲ್ಲಿ ಬರೆದಿದೆ?” ಎಂದು ಇವರು ನನ್ನನ್ನು ಕೇಳಿದರು, ಬರೆದವಳು ನಾನೇ ಎನ್ನುವ ಹಾಗೆ.

ಆದರೆ ಜೋಡಿಸುವುದೆಲ್ಲಿ? ನಾವಿರುವುದು ಮಣಿಪಾಲದ ಫ್ಲ್ಯಾಟಿನಲ್ಲಿ. ಅಲ್ಲಿ ಬಾಲ್ಕನಿಯ ಹೊರಗೆ ಒಂದು ಚಾಪೆ ಒಣಗಲು ಹಾಕಿದರೂ ಅಸೋಸಿಯೇಶನ್ನಿನವರು ಬಂದು ಬೆಲ್ ಒತ್ತುತ್ತಾರೆ. ಉಳಿದದ್ದು ಬೆಳ್ಮಣ್ಣಿನ ಮನೆಯ ಹಟ್ಟಿ. ಹಟ್ಟಿ ಎಂದರೆ ಸಂಜೀವ ಮಾಮನ ಕಂಬಳದ ಕೋಣಗಳು ಇದ್ದ ಜಾಗ.

ಸಂಜೀವ ಮಾಮ ಇವರ ತಾಯಿಯ ಅಣ್ಣ. ನಮ್ಮಲ್ಲಿ ಅಳಿಯಕಟ್ಟು, ಮಾಮನ ನಂತರ ಮನೆಗೆ ಯಜಮಾನ ಅಳಿಯನೇ. ಅದು ಬಿಡಿ, ಇವರನ್ನು ಹೆಗಲ ಮೇಲೆ ಕೂರಿಸಿಕೊಂಡು ಕಂಬಳದಿಂದ ಕಂಬಳಕ್ಕೆ ತಿರುಗಿಸಿ ಸಾಕಿದ್ದು ಅವರೇ. ಮಾಮನ ಕೋಣಗಳಿಗೆ ಸಿಕ್ಕಿದ ಉಪಚಾರ ಮದುವೆಯಾದ ಹೊಸತರಲ್ಲಿ ನನಗೂ ಸಿಗಲಿಲ್ಲ. ಬೆಳಗ್ಗೆ ಸ್ನಾನ, ಬೇಯಿಸಿದ ಹುರುಳಿ, ಕಾಲಿಗೆ ಎಳ್ಳೆಣ್ಣೆ ಹಾಕಿ ತಿಕ್ಕುವುದು. ಕೊನೆಯ ಜೋಡಿಯಲ್ಲಿ ಒಂದು ಸತ್ತಾಗ ಇನ್ನೊಂದು ಮೇವು ಬಿಟ್ಟು ಅದರ ಹಿಂದೆಯೇ ಹೋಯಿತು. ಮಾಮ ಆಮೇಲೆ ಹೊಸ ಜೋಡಿ ತರಲಿಲ್ಲ. ಹಟ್ಟಿಯ ಬಾಗಿಲನ್ನು ಮಾತ್ರ ದಿನಾ ಬೆಳಗ್ಗೆ ತೆರೆದಿಡುತ್ತಿದ್ದರು. 

ಇವರಿಗೆ ಮಾಮನ ಮೇಲೆ ಪ್ರೀತಿ ಎಷ್ಟೋ ಹೆದರಿಕೆಯೂ ಅಷ್ಟೇ. ಹೋಗಿ, ತಲೆ ತಗ್ಗಿಸಿ, “ಹಟ್ಟಿ ಸುಮ್ಮನೆ ಖಾಲಿ ಉಂಟಲ್ಲ ಮಾಮ, ಓಟಕ್ಕೆ ಏನಾದರೂ ತಯಾರು ಮಾಡುವಾಂತ” ಎಂದಷ್ಟೇ ಹೇಳಿ ಓಡಿ ಬಂದರು. ಕಾರು ಎನ್ನುವ ಧೈರ್ಯ ಬರಲಿಲ್ಲ. ಮಾಮನಿಗಾದರೋ ಓಟ ಎಂದರೆ ಕೋಣ, ಕೋಣ ಎಂದರೆ ಓಟ. ಹಟ್ಟಿಗೆ ಸುಣ್ಣ ಬಳಿಸಿದರು, ಬೈಹುಲ್ಲು ತರಿಸಿದರು, ಹುರುಳಿ ಬೇಯಿಸುವ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿಸಿದರು. ಪಿಕಪ್ ಅಂಗಳಕ್ಕೆ ಬಂದಾಗ ಆರತಿಯ ತಟ್ಟೆ ಹಿಡಿದೇ ಹೊರಗೆ ಬಂದರು. ಅದರಿಂದ ಇಳಿದದ್ದು ಕಬ್ಬಿಣದ ಪೈಪು. ಮಾಮ ತಟ್ಟೆಯನ್ನು ತುಳಸಿಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಅಲ್ಲಿಗೆ ಇವರೊಂದಿಗೆ ಮಾತು ನಿಂತಿತು. ಹಟ್ಟಿ ಕೊಡುವುದಿಲ್ಲ ಎನ್ನಲಿಲ್ಲ, ಅದು ಅಳಿಯನ ಹಕ್ಕು. ಮಾತು ಮಾತ್ರ ಕೊಡಲಿಲ್ಲ. ನಾನು ನಡುವಿನ ಟೆಲಿಫೋನಾದೆ.

“ನಿನ್ನ ಗಂಡನಿಗೆ ಹೇಳು, ಗಂಜಿ ಆರಿ ಹೋಗ್ತದೆ.” ಗಂಡ ಅಲ್ಲಿಯೇ ಮಣೆಯ ಮೇಲೆ ಕೂತಿರುತ್ತಿದ್ದರು.

“ಮಾಮನಿಗೆ ಹೇಳು, ಚಟ್ನಿ ಒಳ್ಳೆಯದಾಗಿದೆ ಅಂತ.”

“ಚಟ್ನಿ ಮಾಡಿದವಳು ನೀನು, ನನಗೆ ಯಾಕೆ ಹೇಳುದು ಅಂತ ಕೇಳು.”

ನನಗೆ ನಗು ಬರುತ್ತಿತ್ತು, ಇವರಿಗೆ ಬರುತ್ತಿರಲಿಲ್ಲ.  ಒಮ್ಮೆ ವಾಪಸ್ ಬರುವಾಗ, “ನನಗೆ ಟ್ರೋಫಿ ಬೇಡ ಮಾರಾಯ್ತಿ. ಮಾಮ ಒಮ್ಮೆ ಬಂದು ಅದನ್ನು ನೋಡಿ, ಬೈದರೂ ಸರಿ, ನನ್ನ ಹತ್ತಿರ ಮಾತಾಡಿದರೆ ಸಾಕು” ಎಂದರು. ರೇಸು ಯಾಕೆ ಎಂದು ನಾನು ಆಮೇಲೆ ಕೇಳಲಿಲ್ಲ.

ಭಾನುವಾರ ಭಾನುವಾರ ಕಾರು ಬೆಳೆಯಿತು. ನನ್ನ ಕೆಲಸ ಟಾರ್ಚ್ ಹಿಡಿಯುವುದು ಮತ್ತು ಪೆಟ್ಟಿಗೆಯ ಜೊತೆ ಬಂದ ಸೂಚನೆಗಳನ್ನು ಗಟ್ಟಿಯಾಗಿ ಓದುವುದು. ಮಕ್ಕಳಿಗೆ ಪಾಠ ಓದಿ ಅಭ್ಯಾಸವಾದದ್ದರಿಂದ ನಡುವೆ ನಿಲ್ಲಿಸಿ, “ಅರ್ಥವಾಯಿತಾ?” ಎಂದು ಕೇಳುತ್ತಿದ್ದೆ. ಕಾರಿನ ಅಡಿಯಿಂದ “ಇಲ್ಲ ಟೀಚರ್” ಎಂದು ಉತ್ತರ ಬರುತ್ತಿತ್ತು.

ಕಾರಿನ ಹೊರಮೈ ಮಾಡಲಿಕ್ಕೆ ಕಲ್ಯಾಣಪುರದ ಅಲ್ಫೋನ್ಸ್ ಬಂದ. ಮಲ್ಪೆಯಲ್ಲಿ ಫೈಬರ್ ದೋಣಿ ಮಾಡುವವನು, ಇವರ ಹಳೆಯ ದೋಸ್ತಿ. ಅವನು ಮಾಡಿದ ಮೇಲೆ ಕಾರಿಗೆ ದೋಣಿಯದೇ ಮೂತಿ ಬಂತು. “ಇದು ನೀರಿಗೆ ಬಿದ್ದರೂ ಮುಳುಗುದಿಲ್ಲ ಮ್ಯಾನೇಜರ್ರೇ” ಎಂದ. ರೇಸು ಇರುವುದು ಗದ್ದೆಯಲ್ಲಿ ಎಂದು ನಾನು ನೆನಪಿಸಿದೆ. “ಇರಲಿ ಅಕ್ಕಾ, ಒಳ್ಳೆಯದೇ ಅಲ್ವಾ” ಎಂದ. ಸೀಟನ್ನು ಮಾಡಿದವರು ಇವರ ಹೊಟ್ಟೆಯನ್ನು ನೋಡಿರಲಿಲ್ಲ. ಉಸಿರು ಒಳಗೆಳೆದುಕೊಂಡರೆ ಸ್ಟಿಯರಿಂಗ್ ತಿರುಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ರೇಸಿನ ದಿನ ತಿರುವುಗಳಲ್ಲಿ ಉಸಿರಾಡದಿದ್ದರಾಯಿತು ಎಂದು ತೀರ್ಮಾನವಾಯಿತು.

ಮಾಮ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಪುಟ ತಿರುಗಿದ್ದನ್ನು ನಾನು ಕಾಣೆ. ಒಂದು ದಿನ ಪೇಪರಿನ ಹಿಂದಿನಿಂದ ಪ್ರಶ್ನೆ ಬಂತು. “ನಿನ್ನ ಗಂಡನಿಗೆ ಕೇಳು, ಇದನ್ನು ಓಡಿಸುದು ಯಾರು?”

“ನಾನೇ ಅಂತ ಹೇಳು.”

“ಯಜಮಾನನೇ ಓಡುದಾ? ಮರ್ಯಾದೆ ಬೇಡ್ವಾ?”

ಕಂಬಳದಲ್ಲಿ ಕೋಣಗಳ ಹಿಂದೆ ಓಡುವವನು ಬೇರೆ, ಯಜಮಾನ ಬೇರೆ. ಯಜಮಾನ ಶಾಲು ಹೊದ್ದು ಗದ್ದೆಯ ಕೊನೆಯಲ್ಲಿ ನಿಲ್ಲಬೇಕು, ಮೈಕಿನಲ್ಲಿ ಅವನ ಮನೆಯ ಹೆಸರು ಕೂಗಬೇಕು. ಸ್ವತಃ ಯಜಮಾನನೇ ಹೆಲ್ಮೆಟ್ ಹಾಕಿಕೊಂಡು ಓಡುವುದೆಂದರೆ ಮದುವೆಯ ಮನೆಯಲ್ಲಿ ಮದುಮಗನೇ ಬಡಿಸಲು ಹೊರಟ ಹಾಗೆ. ಆದರೆ ನಾನು ಗಮನಿಸಿದ್ದು ಬೇರೆ. ಮಾಮ ಪ್ರಶ್ನೆಯನ್ನಾದರೂ ಕೇಳಿದರಲ್ಲ.

ರೇಸು ಕಾರ್ಕಳದ ಹತ್ತಿರ, ಕೊಯ್ಲಾದ ಗದ್ದೆಗಳನ್ನು ಸಮಮಾಡಿ ಮಣ್ಣಿನ ದಾರಿ ಹಾಕಿದ್ದರು. ಒಂದೊಂದೇ ಕಾರು ಓಡಬೇಕು, ಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತಾರೆ. ಹಿಂದಿನ ಸಂಜೆಯೇ ಇವರು ಕಾರನ್ನು ತೊಳೆದು ಹಟ್ಟಿಯಲ್ಲಿ ನಿಲ್ಲಿಸಿದ್ದರು. ಬೆಳಗ್ಗೆ ಬೇಗ ಅಲ್ಫೋನ್ಸ್ ಪಿಕಪ್ ತಂದ, ಹಲಗೆ ಇಟ್ಟು ಏರಿಸಿದೆವು, ಮೇಲೆ ಟಾರ್ಪಾಲು ಕಟ್ಟಿದೆವು. ಟಯರು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. “ತೊಳೆದರೆ ಎಷ್ಟು ಚಂದ ಕಾಣ್ತದೆ ನೋಡಿ” ಎಂದು ನಾನೇ ಹೊಗಳಿದೆ.

ಮೈದಾನ ತಲುಪಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಒಂದು ಜೀಪು ಬಂತು. ಅದರಿಂದ ಇಳಿದವರು ಜರಿಶಾಲು ಹೊದ್ದ ಸಂಜೀವ ಮಾಮ. ಕರೆಯದೆ ಬಂದಿದ್ದರು. ನೇರ ಹೋಗಿ ದಾರಿಯ ಕೊನೆಯಲ್ಲಿ, ಯಜಮಾನ ನಿಲ್ಲುವ ಜಾಗದಲ್ಲಿ ನಿಂತರು. ಇವರು ಹೆಲ್ಮೆಟ್ಟಿನೊಳಗಿಂದ ಅದನ್ನು ನೋಡಿದರು. ಮೈಕಿನವನ ಹತ್ತಿರ ಇವರು ಮೊದಲೇ ಹೇಳಿಟ್ಟಿದ್ದರು ಕಾಣುತ್ತದೆ, ಅವನು ಕಂಬಳದ ರಾಗದಲ್ಲಿಯೇ ಎಳೆದ. “ಬೆಳ್ಮಣ್ ಕೆಳಗಿನಮನೆ ಸಂಜೀವಣ್ಣನವರ ಕಾರು...” ಮಾಮ ಶಾಲು ಸರಿಮಾಡಿಕೊಂಡರು.

ಆಮೇಲಿನದ್ದನ್ನೂ ಮೈಕಿನವನ ಬಾಯಲ್ಲೇ ಕೇಳಿ. “ಕಾರು ಹೊರಟಿತು. ಒಳ್ಳೆಯ ಸ್ಪೀಡ್ ಉಂಟು. ಮೊದಲನೇ ತಿರುವು. ಕಾರು ತಿರುಗಿತು. ಇನ್ನೊಮ್ಮೆ ತಿರುಗಿತು. ಮತ್ತೊಮ್ಮೆ... ಈಗ ಕಾರು ನಮ್ಮನ್ನೇ ನೋಡ್ತಾ ಉಂಟು.” ಬುಗುರಿಯ ಹಾಗೆ ಸುತ್ತಿ, ಅಂಚಿಗೆ ಪೇರಿಸಿದ್ದ ಬೈಹುಲ್ಲಿನೊಳಗೆ ಹಿಂದುಹಿಂದಾಗಿ ಹೋಗಿ ಕೂತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. 

ನಾನು ಮತ್ತು ಅಲ್ಫೋನ್ಸ್ ಓಡಿ ಹೋಗುವಾಗ ಇವರು ಇಳಿದು, ಹಿಂದಿನ ಟಯರನ್ನು ಮುಟ್ಟಿ, ಬೆರಳು ಮೂಸುತ್ತಿದ್ದರು. ನನಗೂ ವಾಸನೆ ಬಂತು. ಎಳ್ಳೆಣ್ಣೆ. ಟಯರಿನ ಗೆರೆಗೆರೆಗೂ ತಿಕ್ಕಿ ಹಾಕಿದ ಎಣ್ಣೆ. ಓಟದ ದಿನ ಬೆಳಗ್ಗೆ ಕಾಲಿಗೆ ಎಣ್ಣೆ ಹಾಕುವವರು ಬೆಳ್ಮಣ್ಣಿನ ಆ ಮನೆಯಲ್ಲಿ ಒಬ್ಬರೇ. “ಯಾವ ಪುಣ್ಯಾತ್ಮ ಮಾರಾಯ ಇದಕ್ಕೆ ಎಣ್ಣೆ...” ಎಂದು ಅಲ್ಫೋನ್ಸ್ ಶುರುಮಾಡಿದ್ದ, ಇವರು ಬೂಟಿನಲ್ಲಿ ಅವನ ಕಾಲು ತುಳಿದರು.

ಯಾಕೆಂದರೆ ಗದ್ದೆಯ ಆ ಕಡೆಯಿಂದ ಮಾಮ ಪಂಚೆ ಎತ್ತಿ ಕಟ್ಟಿ ಓಡಿ ಬರುತ್ತಿದ್ದರು. ಶಾಲು ಎಲ್ಲೋ ಬಿದ್ದಿತ್ತು. ಬಂದವರೇ ಇವರ ಎರಡೂ ತೋಳು ಹಿಡಿದು, “ಪೆಟ್ಟಾಯಿತಾ ಮಗಾ?” ಎಂದರು. ನನ್ನನ್ನು ನಡುವೆ ನಿಲ್ಲಿಸದೆ, ನೇರ.

“ಇಲ್ಲ ಮಾಮ. ನನಗೆ ಓಡಿಸಲಿಕ್ಕೆ ಬರಲಿಲ್ಲ.”

“ಅದಕ್ಕೇ ಹೇಳಿದ್ದು, ಯಜಮಾನ ಓಡಬಾರದು ಅಂತ” ಎಂದು ಮಾಮ ಇವರ ತಲೆಯಿಂದ ಬೈಹುಲ್ಲು ತೆಗೆಯತೊಡಗಿದರು.

ಸಂಘದ ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸ ಬಂದರೂ ನಿದ್ದೆ ಬಿಡುವ ಮನುಷ್ಯ, ‘ಡ್ರೈವಿಂಗ್ ಬರುವುದಿಲ್ಲ’ ಎನ್ನುವ ಹೆಸರನ್ನು ಹೊತ್ತುಕೊಂಡು ತಿರುಗಿದರು. ಕುಕ್ಕುಂದೂರಿನಿಂದ ಸಾಲಕ್ಕೆ ಬಂದ ಸದಸ್ಯನೊಬ್ಬ, “ನಮ್ಮ ಅರ್ಜಿಯೂ ಹಿಂದುಹಿಂದಾಗಿ ಹೋಗುದಾ ಮ್ಯಾನೇಜರ್ರೇ?” ಎಂದು ಕೇಳಿದನಂತೆ. ಇವರೂ ನಕ್ಕರಂತೆ. ನನಗೆ ಆ ದಿನ ಇವರ ಮೇಲೆ ಬಂದ ಪ್ರೀತಿ ಮದುವೆಯ ಹೊಸತರಲ್ಲಿಯೂ ಬಂದಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ನೀರುದೋಸೆ ಮಾಡಿದೆ.

ಆದರೆ ಮುಂದಿನ ರೇಸಿಗೆ ಎಂತ ಮಾಡುವುದು? ಎಣ್ಣೆ ಹಾಕಬೇಡಿ ಎನ್ನುವ ಹಾಗಿಲ್ಲ, ಹೇಳಿದರೆ ಮೊದಲನೆಯ ದಿನದ್ದು ಯಾರಿಂದಾಯಿತು ಎಂದು ಮಾಮನಿಗೆ ಗೊತ್ತಾಗುತ್ತದೆ. ಇವರು ಬೇರೆ ನಾಲ್ಕು ಚಕ್ರ ತಂದರು. ರೇಸಿನ ಹಿಂದಿನ ದಿನ ಹಟ್ಟಿಯಲ್ಲಿ ಕಾರು ನಿಲ್ಲುವುದು ಎಣ್ಣೆಯ ಚಕ್ರದ ಮೇಲೆ. ಮೈದಾನಕ್ಕೆ ಹೋದ ಕೂಡಲೇ ಅಲ್ಫೋನ್ಸ್ ಮಾಮನನ್ನು ಚಾ ಕುಡಿದು ಗೋಳಿಬಜೆ ತಿನ್ನಲಿಕ್ಕೆ ಕರೆದುಕೊಂಡು ಹೋಗುತ್ತಾನೆ, ಇವರು ಜ್ಯಾಕ್ ಇಟ್ಟು ನಾಲ್ಕೂ ಚಕ್ರ ಬದಲಿಸುತ್ತಾರೆ. ಮಾಮ ಬಂದು, ಟಯರು ನೋಡದೆ, ಶಾಲು ಹೊದ್ದು ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಕಾರು ಈವರೆಗೆ ಏನನ್ನೂ ಗೆದ್ದಿಲ್ಲ. ಸುತ್ತು ಮುಗಿಸಿ ಮುಂದೆ ಮುಖ ಮಾಡಿಯೇ ಬರುತ್ತದೆ, ನಮಗೆ ಅಷ್ಟು ಸಾಕು. ಎಣ್ಣೆ ಕುಡಿದು ಕುಡಿದು ಉಬ್ಬಿದ ಆ ಟಯರುಗಳೇ ಸಂತೆಕಟ್ಟೆಯವನು ಮೂಸಿದ್ದು.

ಹೊಸ ನಾಲ್ಕನ್ನು ಕಾರಿನಲ್ಲಿ ಹೇರಿಕೊಂಡು ನಾನು ಬೆಳ್ಮಣ್ಣಿಗೆ ಹೋದೆ. ಇವರು ಆಫೀಸಿನಲ್ಲಿದ್ದರು. ಮಾಮ ತಾವೇ ಬಂದು ಒಂದೊಂದಾಗಿ ಇಳಿಸಿ, ಹಟ್ಟಿಯ ಗೋಡೆಗೆ ಒರಗಿಸುತ್ತಾ ಕೇಳಿದರು. “ಇದು ಓಡುವ ಜೋಡಿಯಾ, ಎಣ್ಣೆಯ ಜೋಡಿಯಾ?”

 ಮಾಮ ಕೈಯ ಧೂಳು ಕೊಡವಿಕೊಂಡರು.

“ನಾನು ಹಾಕಿದ ಎಣ್ಣೆಯ ವಾಸನೆ ನನಗೆ ಗೊತ್ತಾಗುದಿಲ್ವಾ ಮಗಾ? ಆ ದಿನ ಅವನ ತೋಳು ಹಿಡಿಯುವಾಗಲೇ ಬಂತು.”

“ಮತ್ತೆ ಈಗಲೂ ಯಾಕೆ ಮಾಮ?”

“ಅವನು ನನಗಾಗಿ ಬೇರೆ ಚಕ್ರ ತಂದಿಟ್ಟಿದ್ದಾನೆ. ಬೇಡ ಅಂದರೆ ಅವನಿಗೆ ಬೇಜಾರಾಗುದಿಲ್ವಾ?” ಪಂಚೆ ಸರಿಮಾಡಿಕೊಂಡು, “ಕಷ್ಟ ಎಂತ ಅಂದರೆ, ಚಕ್ರ ಬದಲಿಸುವವರೆಗೆ ಹೊತ್ತು ಕಳೆಯಬೇಕಲ್ಲ. ಡಾಕ್ಟರು ಸಕ್ಕರೆ ಬೇಡ ಹೇಳಿದ್ದಾರೆ, ಆದರೂ ಎರಡೆರಡು ಚಾ ಕುಡಿಯಬೇಕಾಗ್ತದೆ. ಅವನಿಗೆ ಸ್ವಲ್ಪ ಬೇಗ ಬೇಗ ಬಿಚ್ಚಲಿಕ್ಕೆ ಕಲಿ ಅಂತ ಹೇಳು” ಎಂದರು. ಮರುಕ್ಷಣ ನೆನಪಾಗಿ, “ಅಲ್ಲ, ಹೇಳಬೇಡ” ಎಂದರು.

ರಾತ್ರಿ ಊಟಕ್ಕೆ ಕೂತಾಗ ಇವರು ತಗ್ಗಿದ ದನಿಯಲ್ಲಿ ಕೇಳಿದರು. “ಮಾಮನಿಗೆ ಏನೂ ಸಂಶಯ ಬರಲಿಲ್ಲ ಅಲ್ವಾ?”

“ಎಂತದೂ ಇಲ್ಲ” ಎಂದೆ, ಸಾರು ಬಡಿಸುತ್ತಾ. “ಎಣ್ಣೆ ಮುಗಿದಿದೆಯಂತೆ. ಬರುವಾಗ ತರಲಿಕ್ಕೆ ಹೇಳಿದ್ದಾರೆ.”