ದೊಡ್ಡಜ್ಜನಿಗೂ ಅಪ್ಪನಿಗೂ ಕುಸ್ತಿ

ಎಣ್ಣೆಯಲ್ಲಿ ಕಲಸಿದ ಅರಿಸಿನ, ಈಗಷ್ಟೇ ನೀರು ಚಿಮುಕಿಸಿದ ಕೆಮ್ಮಣ್ಣು. ಈ ಎರಡು ವಾಸನೆ ಬೇರೆ ಬೇರೆಯಾಗಿ ಎಷ್ಟು ಸಲ ಮೂಗಿಗೆ ಬಂದರೂ ನನಗೆ ಏನೂ ಅನ್ನಿಸುವುದಿಲ್ಲ. ಕೂಡಿ ಬಂದರೆ ನಿಂತಲ್ಲಿ ನಿಲ್ಲಲಾರೆ. ಮೊನ್ನೆ ಬೈರಿದೇವರಕೊಪ್ಪದಲ್ಲಿ ಸಂಬಂಧಿಕರ ಹೊಸ ಮನೆಯ ಮುಂದೆ ಮದುಮಗನಿಗೆ ಅರಿಸಿನ ಹಚ್ಚುತ್ತಿದ್ದರು. ಅಂಗಳಕ್ಕೆ ಕೆಂಪು ಮಣ್ಣು ತಂದು ಸುರಿದು, ಧೂಳು ಏಳಬಾರದೆಂದು ನೀರು ಹೊಡೆದಿದ್ದರು. ಹೆಂಗಸರು ನಗುತ್ತಿದ್ದರು. ಹುಡುಗನ ಮೈಯಿಂದ ಹಳದಿ ಎಣ್ಣೆ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ನಾನು ಎದ್ದು ರಸ್ತೆಗೆ ಬಂದೆ. ಏನಾಯಿತೆಂದು ಕೇಳಿದವರಿಗೆ ಬಿಸಿಲು ಎಂದೆ. ಗರಡಿಯ ಅಖಾಡದ ಮಣ್ಣನ್ನು ಎಳೆಯ ವಯಸ್ಸಿನಲ್ಲಿ ಮೂಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅದು ಬಿಸಿಲಲ್ಲ ಎಂದು ನಾನು ಹೇಳಬೇಕಾಗಿಲ್ಲ.

ಹಳೇ ಹುಬ್ಬಳ್ಳಿಯಲ್ಲಿದ್ದ ನಮ್ಮ ಮನೆಯ ಒಂದು ಮಗ್ಗುಲು ಗರಡಿಯೇ ಆಗಿತ್ತು. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಹಗಲಲ್ಲೂ ಮಬ್ಬು, ಗೂಡಿನಲ್ಲಿ ಹಣಮಪ್ಪ, ಅವನ ಮುಂದೆ ದೀಪ, ನಡುವೆ ಮೊಣಕಾಲುದ್ದ ಅಗೆದು ಹದ ಮಾಡಿದ ಮಣ್ಣು. ಆ ಮಣ್ಣಿಗೆ ಎಣ್ಣೆ, ಅರಿಸಿನ, ನಿಂಬೆರಸ, ಕರ್ಪೂರದ ಪುಡಿ, ಮಜ್ಜಿಗೆ. ಅಜ್ಜಿ ಕಡೆದ ಮಜ್ಜಿಗೆ ಮೊದಲು ಅಖಾಡಕ್ಕೆ ಹೋಗುತ್ತಿತ್ತು. ಮಣ್ಣು ಕುಡಿದು ಮಿಕ್ಕಿದ್ದು ನಮ್ಮ ರೊಟ್ಟಿಗೆ. 'ಮಣ್ಣಿಗೆ ಮೊದ್ಲ ಬಡಸ್ರಿ, ಹುಡುಗ್ರು ಆಮ್ಯಾಲ ಗಡಿಗಿ ನೆಕ್ಕಲಿ' ಎಂದು ಆಕೆ ಗೊಣಗುವಳು, ಗೊಣಗುತ್ತಲೇ ಗಡಿಗೆ ಹೊತ್ತುಕೊಂಡು ಹೋಗಿ ಸುರಿಯುವಳು. ಆ ಮಣ್ಣು ಮೆತ್ತಗೆ ತಣ್ಣಗೆ ಇರುತ್ತಿತ್ತು. ಜ್ವರ ಬಂದರೆ ಅಜ್ಜ ನಮ್ಮನ್ನು ಅದರಲ್ಲಿ ಮಲಗಿಸುತ್ತಿದ್ದ.

ಸಂಜೆ ಸಾಮು ಮುಗಿದ ಮೇಲೆ, ಮೈಯ ಬೆವರು ಆರುವವರೆಗೆ, ನಮ್ಮಲ್ಲಿ ಜೋಡಿ ಹಚ್ಚುವ ಆಟ ನಡೆಯುತ್ತಿತ್ತು. ಸತ್ತ ಪೈಲ್ವಾನನಿಗೂ ಬದುಕಿರುವ ಪೈಲ್ವಾನನಿಗೂ, ಅಜ್ಜನ ಕಾಲದವನಿಗೂ ಮೊಮ್ಮಗನ ಕಾಲದವನಿಗೂ ಮಾತಿನಲ್ಲೇ ಕುಸ್ತಿ. ಮಾತಿನದಾದರೂ ಅದಕ್ಕೆ ಕಟ್ಟುನಿಟ್ಟು ಇತ್ತು. ಸತ್ತವನನ್ನು ಅವನ ಭರ್ತಿ ಹರೆಯದಲ್ಲಿಯೇ ನಿಲ್ಲಿಸಬೇಕು. ಅವನ ಪರವಾಗಿ ಮಾತಾಡುವವನು ಸುಮ್ಮನೆ ಕೂತು ಹೊಗಳುವಂತಿಲ್ಲ, ಅಖಾಡಕ್ಕೆ ಇಳಿದು ಅವನ ಪಟ್ಟನ್ನು ಹಾಕಿ ತೋರಿಸಬೇಕು. ತೀರ್ಪು ಅಜ್ಜನದು. ಅಜ್ಜನ ಗೆಳೆಯ ಹುಸೇನಜ್ಜ ನವಲಗುಂದದ ಕಡೆಯಿಂದ ಬಂದು ನೆಲೆ ನಿಂತವರು, ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡು ಮೂಲೆಯಲ್ಲಿ ಕೂತು ಎರಡೂ ಕಡೆಯವರನ್ನು ಕೆಣಕುವರು. ಎಂಥೆಂಥವರು ಅಲ್ಲಿ ಎದ್ದು ಬಂದರು, ಎಂಥೆಂಥವರು ಬಿದ್ದರು! ಗೋರಿಯೊಳಗಿದ್ದವರ ತೋಳಿನ ಸುತ್ತಳತೆಗೆ ಜಗಳವಾಗಿ ಇಬ್ಬರು ವಾರಗಟ್ಟಲೆ ಮಾತು ಬಿಟ್ಟದ್ದೂ ಉಂಟು.

ಒಂದು ಜೋಡಿಯನ್ನು ಮಾತ್ರ ಅಜ್ಜ ಹಚ್ಚಗೊಡುತ್ತಿರಲಿಲ್ಲ. ಅವನ ಅಣ್ಣ, ನನ್ನ ದೊಡ್ಡಜ್ಜ ಕಲ್ಲಪ್ಪ, ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಪೈಲ್ವಾನ. ತಾಯಿತಂದೆ ಇಲ್ಲದ ತಮ್ಮನನ್ನು ತನ್ನ ಪಾಲಿನ ಹಾಲು ಕುಡಿಸಿ ಬೆಳೆಸಿದವನು, ಹರೆಯದಲ್ಲೇ ಜ್ವರ ಬಂದು ತೀರಿಕೊಂಡ. ಅವನನ್ನು ಕಂಡವರು ಒಬ್ಬೊಬ್ಬರೇ ಹೋಗಿ, ನನಗೆ ಬುದ್ಧಿ ಬರುವ ಹೊತ್ತಿಗೆ ಅಜ್ಜನೊಬ್ಬನೇ ಉಳಿದಿದ್ದ. ಹುಸೇನಜ್ಜ ಕೂಡ ದೊಡ್ಡಜ್ಜ ಸತ್ತ ಮೇಲೆ ಊರಿಗೆ ಬಂದವರು. ಇನ್ನು ನನ್ನ ಅಪ್ಪ ಫಕೀರಪ್ಪ. ಮಗನೆಂದು ಹೇಳುತ್ತಿಲ್ಲ, ಅಂಥ ಕುತ್ತಿಗೆ, ಅಂಥ ತೊಡೆ, ಅಂಥ ತಾಳ್ಮೆ ನಾನು ಮತ್ತೆ ಕಾಣಲಿಲ್ಲ. ಊರೆಲ್ಲ ಹೊಗಳಿದರೂ ಅಪ್ಪ ಕಾಯುತ್ತಿದ್ದದ್ದು ಒಂದೇ ಮಾತಿಗೆ: ದೊಡ್ಡಪ್ಪನೆದುರು ನೀನೂ ನಿಲ್ಲುತ್ತಿದ್ದೆ ಎಂದು ಅಜ್ಜ ಒಮ್ಮೆ ಹೇಳಬೇಕು. ಗೆಲ್ಲುತ್ತಿದ್ದೆ ಎನ್ನುವುದೂ ಬೇಡ. ಯಾರಾದರೂ ಆ ಮಾತು ಎತ್ತಿದರೆ ಅಜ್ಜ ದೀಪದ ಬತ್ತಿ ಸರಿಮಾಡುತ್ತ, 'ಇಂವ ಅವನ ಜೋಡಿ ಅಲ್ಲ' ಎಂದು ಮುಗಿಸಿಬಿಡುವನು.

ಒಂದು ವರ್ಷ ಅಪ್ಪ ಕೊಲ್ಲಾಪುರದ ಕಡೆಯ ಹೆಸರಾದ ಪೈಲ್ವಾನನನ್ನು ಚಿತ್ ಮಾಡಿ ಬಂದ. ಮೈಮೇಲೆ ಗುಲಾಲು ಹಾಗೇ ಇತ್ತು. ಗರಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹುಸೇನಜ್ಜ ಸುಮ್ಮನಿರಲಿಲ್ಲ.

'ಇನ್ನರ ಜೋಡಿ ಹಚ್ಚಪಾ. ನಿನ್ನ ಮಗಾ ಮತ್ತೇನ ಆನಿ ಎತ್ತಬೇಕೇನು?'

ಅಜ್ಜ ದೀಪದ ಬತ್ತಿ ಸರಿಮಾಡಿದ. ಆಮೇಲೆ ಎದ್ದು, ಅಂಗಿ ಕಳಚಿ, ಧೋತರದ ಕಚ್ಚೆ ಬಿಗಿದ. ಪಕ್ಕೆಲುಬು ಎಣಿಸುವ ಹಾಗಿದ್ದವು. 'ಅಣ್ಣನ ಪರವಾಗಿ ನಾ ಇಳೀತೇನಿ. ಬಾ' ಎಂದ. ಜನ ನಕ್ಕರು, ನಕ್ಕು ಅಖಾಡ ಬಿಟ್ಟು ಹಿಂದೆ ಸರಿದರು. ಅಪ್ಪ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ, ಅಜ್ಜನ ಕಾಲು ಮುಟ್ಟಿದ. ಅಜ್ಜ ಅವನ ಕುತ್ತಿಗೆಗೆ ಕೈಹಾಕಿ, ಒಂದು ಕಾಲು ಒಳಗೆ ತೂರಿಸಿ, ಇದು ಅಣ್ಣನ ಪಟ್ಟು, ಬಿಡಿಸಿಕೋ ಎಂದ. ನಾನು ಅಖಾಡದ ಕಟ್ಟೆಯ ಮೇಲೇ ಕೂತಿದ್ದೆ. ಅಪ್ಪನ ಬಲಗೈ ಅಜ್ಜನ ಸೊಂಟಕ್ಕೆ ಹೋಯಿತು. ಅಲ್ಲಿಂದ ಅವನು ಅರ್ಧ ಹೊರಳಿದರೆ ಸಾಕು, ಅಜ್ಜ ಆ ಕಡೆಗೆ. ಆದರೆ ಆ ಕೈ ಹಾಗೇ ಬಿಚ್ಚಿಕೊಂಡಿತು. ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಅಪ್ಪ ತನ್ನನ್ನು ತಾನೇ ಮಣ್ಣಿಗೆ ಇಳಿಸಿಕೊಂಡ. ಮೇಲೆ ಬೀಳುತ್ತಿದ್ದ ಅಜ್ಜನಿಗೆ ಪೆಟ್ಟಾಗದಂತೆ ಮೊಣಕೈ ಕೊಟ್ಟು ತಡೆದ.

ಅಜ್ಜ ಏದುಸಿರು ಬಿಡುತ್ತ ಎದ್ದು ನಿಂತ. ಕಣ್ಣು ಹೊಳೆಯುತ್ತಿದ್ದವು.

'ನೋಡಿದ್ರಿಲ್ಲೋ? ನಾ ಮುದುಕ ಹಾಕಿದ್ರ ಬಿದ್ದ. ಅಣ್ಣ ಹಾಕಿದ್ರ ಏಳತಿದ್ದನೇನು?'

ಹೆತ್ತವನ ಬೆನ್ನನ್ನು ಮಣ್ಣಿಗೆ ಹತ್ತಿಸುವ ಮಗ ಯಾವ ಗರಡಿಯಲ್ಲೂ ಹುಟ್ಟುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ರೀತಿಯನ್ನು ಅಪ್ಪನಿಗೆ ಕಲಿಸಿದವನೇ ಅಜ್ಜ. ಆದರೂ ಮರ್ಯಾದೆಗೆ ಬಿದ್ದದ್ದನ್ನು ಸೋಲೆಂದು ಹೇಳಿದ, ಖರೇ ಎಂದೇ ನಂಬಿದ. ಹುಸೇನಜ್ಜ ಗಡ್ಡ ನೀವಿಕೊಂಡು ನೆಲ ನೋಡಿದರು. ಅಪ್ಪ ಎದ್ದು, ಬೆನ್ನಿನ ಮಣ್ಣನ್ನೂ ಒರೆಸಿಕೊಳ್ಳದೆ, ತಲೆ ತಗ್ಗಿಸಿ ಆ ಗಿಡ್ಡ ಬಾಗಿಲಿನಿಂದ ಹೊರಗೆ ಹೋದ. ಆಮೇಲೆ ಅವನು ಲಂಗೋಟಿ ಕಟ್ಟಲಿಲ್ಲ. ಅಡತಿ ಅಂಗಡಿಗಳಲ್ಲಿ ಹಮಾಲಿಗೆ ಹೋದ. ಆ ಕುತ್ತಿಗೆಯ ಮೇಲೆ ಮೆಣಸಿನಕಾಯಿಯ ಚೀಲಗಳು ಏರಿದವು. ಅಜ್ಜಿ ಮಜ್ಜಿಗೆ ಸುರಿಯಲು ಹೋದಾಗ ಅಜ್ಜನ ಮುಖ ನೋಡದೆ ಒಂದೇ ಮಾತು ಹೇಳಿದಳು: 'ಸತ್ತಾವನ್ನ ಗೆಲ್ಲಸಾಕ ಇದ್ದಾವನ್ನ ಹುಗದ್ರಿ.' ಅಜ್ಜ ಗುದ್ದಲಿ ಹಿಡಿದು ಮಣ್ಣು ಹದ ಮಾಡುತ್ತಲೇ ಇದ್ದ.

ಅಜ್ಜ ಹಾಸಿಗೆ ಹಿಡಿದಾಗ ಅಪ್ಪ ಕೆಲಸ ಬಿಟ್ಟು ಪಕ್ಕದಲ್ಲಿ ಕೂತ. ಹೇಲು ಉಚ್ಚೆ ಬಳಿದ. ಏನನ್ನು ಕಾಯುತ್ತಿದ್ದಾನೆಂದು ನಮಗೆಲ್ಲ ಗೊತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಅಜ್ಜ ಅಪ್ಪನ ಭುಜದ ಮೇಲೆ ಕೈಯಾಡಿಸಿ, ದಿಟ್ಟಿಸಿ ನೋಡಿ, 'ಅಣ್ಣಾ' ಎಂದ. ಅದೇ ಅವನ ಕಡೆಯ ಮಾತು. ನೆರೆದವರು ಅಪ್ಪನನ್ನು ಸಮಾಧಾನ ಮಾಡಿದರು, ಇದಕ್ಕಿಂತ ದೊಡ್ಡ ಮಾತು ಬೇಕೇನು, ನಿನ್ನಲ್ಲಿ ಅವನನ್ನೇ ಕಂಡನಲ್ಲ ಎಂದರು. ಎಲ್ಲ ಮುಗಿದ ಮೇಲೆ ಅಪ್ಪ ಹಿತ್ತಲಲ್ಲಿ ಕೈಕಾಲು ತೊಳೆಯುತ್ತ, 'ಸಾಯೂಮುಂದರ ನನ್ನ ನೋಡ್ಲಿಲ್ಲ' ಎಂದ. ನೀರು ಹಾಕುತ್ತಿದ್ದವನು ನಾನು.

ಚೀಲ ಹೊತ್ತು ಅಪ್ಪನ ಮೊಣಕಾಲು ಹೋದ ಮೇಲೆ ನಾನು ಸಾಲಿ ಬಿಟ್ಟು ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ಮಷೀನಿಗೆ ನಿಂತೆ. ಇವತ್ತು ಅಲ್ಲೇ ನನ್ನ ಸ್ವಂತ ಶೆಡ್ಡು ಇದೆ, ಯಾರ ಮುಂದೆಯೂ ಕೈಯೊಡ್ಡಿಲ್ಲ. ಮನೆ ಪಾಲಾಯಿತು. ಗರಡಿ ಇದ್ದ ಮಗ್ಗುಲನ್ನು ಕೊಂಡವರು ಅಖಾಡದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತುಂಬಿಸಿ ಯಾವುದೋ ಹೊಸ ಬಡಾವಣೆಯ ತಗ್ಗಿಗೆ ಸುರಿಸಿದರು. ನಮ್ಮ ಮನೆಯ ಎಷ್ಟು ಮಜ್ಜಿಗೆ ಕುಡಿದ ಮಣ್ಣು ಅದು.

ಅಪ್ಪ ತನ್ನ ಕೊನೆಯ ದಿನಗಳನ್ನು ಸತ್ತೂರಿನ ದವಾಖಾನೆಯಲ್ಲಿ ಕಳೆದ. ಆ ದೇಹ ಕರಗಿ ಚಾದರದ ಕೆಳಗೆ ಏನೂ ಇಲ್ಲದ ಹಾಗಾಗಿತ್ತು. ಒಂದು ಸಂಜೆ ನನ್ನ ಕೈ ಹಿಡಿದು ತನ್ನ ಕಡೆಗೆ ಎಳೆದ.

'ಜೋಡಿ ಹಚ್ಚೋ ತಮ್ಮಾ. ದೊಡ್ಡಪ್ಪಗ ಮತ್ತ ನನಗ.'

ನಾನು ತಡಮಾಡಲಿಲ್ಲ. 'ನೀನ ಗೆಲ್ತಿದ್ದಿ, ಯಪ್ಪಾ.'

'ನೀ ಅವನ್ನ ನೋಡಿಯೇನು?'

'ಇಲ್ಲ.'

'ಮತ್ತ?' ಅಪ್ಪ ಕೈ ಬಿಟ್ಟ. ಸಿಟ್ಟಿನಿಂದಲ್ಲ, ದಣಿದವನ ಹಾಗೆ. 'ಇಬ್ಬರನ್ನೂ ನೋಡಿದಾವ ನಿಮ್ಮಜ್ಜ ಒಬ್ಬನ ಇದ್ದ.'

ಆಮೇಲೆ ಗೋಡೆಯ ಕಡೆಗೆ ಹೊರಳಿದ. ಇನ್ನೂ ಕೆಲವು ದಿನ ಬದುಕಿದ್ದ, ಆ ಮಾತು ಮತ್ತೆ ಎತ್ತಲಿಲ್ಲ.

ಈಗ ನನ್ನ ಶೆಡ್ಡಿನ ಹುಡುಗರು ಊಟದ ಹೊತ್ತಿಗೆ ಮೊಬೈಲು ನಡುವೆ ಇಟ್ಟುಕೊಂಡು ಕೂಡುತ್ತಾರೆ. ಹೊರದೇಶದ ಮುಷ್ಟಿಕಾಳಗದ ಚಾಂಪಿಯನ್ನರು, ಹಳೆಯ ಕಾಲದವನೊಬ್ಬ, ಈಗಿನವನೊಬ್ಬ, ಇಬ್ಬರೂ ಎದುರಾದರೆ ಯಾರು ಉರುಳುತ್ತಾರೆಂದು ಜಗಳ. ಅವರದು ತಪ್ಪಲ್ಲ. ಸತ್ತವನ ಹೊಡೆತವೂ ಬದುಕಿದವನ ಹೊಡೆತವೂ ಅವರಿಗೆ ಬೇಕೆಂದಾಗ ಕಾಣುತ್ತವೆ. 'ಕಾಕಾ, ನೀವರ ಹೇಳ್ರಿ' ಎಂದು ನನ್ನನ್ನು ಎಳೆಯುತ್ತಾರೆ. ಮಷೀನು ಒರೆಸುವ ನೆಪದಲ್ಲಿ ನಾನು ಆ ಕಡೆಗೆ ತಿರುಗುತ್ತೇನೆ. ದೊಡ್ಡಜ್ಜನನ್ನು ಕಂಡವರು ಈಗ ಯಾರೂ ಇಲ್ಲ. ಅಪ್ಪ ಕುಸ್ತಿ ಹಿಡಿದದ್ದನ್ನು ಕಂಡವರಲ್ಲಿ, ನನಗೆ ಗೊತ್ತಿದ್ದಂತೆ, ನಾನೊಬ್ಬನೇ ಉಳಿದಿದ್ದೇನೆ. ನನ್ನ ಕಣ್ಣು ಮುಚ್ಚಿದರೆ ಆ ಜೋಡಿಯಲ್ಲಿ ಇಬ್ಬರೂ ಕಾಣದವರಾಗುತ್ತಾರೆ. ಆಗಲಾದರೂ ಅವರು ಸರಿಸಮ.