ಬೂಷ್ಟನ್ನು ಅಮ್ಮ ಅಂದುಕೊಂಡ ಐದು ದಿನ

ಸುಮಿಯ ಹೊಟ್ಟೆಯ ಮೇಲಿನ ಕೆಂಪು ಗುಳ್ಳೆಗಳನ್ನು ಮೊದಲು ನೋಡಿದ್ದು ನಾನೇ. ಮೈ ಕೆಂಡದ ಹಾಗೆ ಸುಡುತ್ತಿತ್ತು.

ಎಂಬತ್ತರ ದಶಕದ ಮಾತು. ಊರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಸುಮಿ ನನ್ನ ತಂಗಿ, ಆರು ವರ್ಷ, ರಕ್ತದ ಕ್ಯಾನ್ಸರ್. ದೊಡ್ಡಾಸ್ಪತ್ರೆಯಲ್ಲಿ ಇಂಜೆಕ್ಷನ್ ಮುಗಿಸಿಕೊಂಡು ಬಂದು ವಾರವಾಗಿತ್ತು.

ಜ್ವರ ಬಂದರೆ ಅದೇ ದಿನ ಕರೆತನ್ನಿ ಅಂತ ಡಾಕ್ಟರಮ್ಮ ಎರಡೆರಡು ಸಲ ಹೇಳಿ ಕಳಿಸಿದ್ದರು.

ಗುಳ್ಳೆ ನೋಡಿದವಳೇ ಅಜ್ಜಿ ಕೈಮುಗಿದಳು. "ಅಮ್ಮ ಬಂದವ್ಳೆ. ಸೂಜಿ, ಮಾತ್ರೆ ಏನೂ ಮುಟ್ಟಿಸಬ್ಯಾಡ್ರಿ, ಮುನಿಸ್ಕಂತಾಳೆ."

ಹಾಗೆ ಗುಳ್ಳೆ ಎದ್ದರೆ ನಮ್ಮಲ್ಲಿ ಅದು ಕಾಯಿಲೆಯಲ್ಲ, ದೇವಿ ಮನೆಗೆ ಬಂದ ಹಾಗೆ. ಆಸ್ಪತ್ರೆಗೆ ಹೋದರೆ ಅವಳನ್ನು ಹೊರಗೆ ತಳ್ಳಿದಂತೆ. ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು, ಬಾಗಿಲಿಗೆ ಬೇವಿನ ಸೊಪ್ಪು ಬಂತು.

ಸುಮಿಯ ಹಾಸಿಗೆಗೆ ಸೊಪ್ಪು ಕಿತ್ತು ತಂದವಳು ನಾನೇ... ಪಿಯುಸಿ ಸೈನ್ಸ್ ಓದುತ್ತಿದ್ದ ನಾನು! ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹೀಗೆ ಐದು ದಿನ.

ಆರನೆಯ ದಿನ ನಾಲಿಗೆ ತುಂಬ ಬೆಳ್ಳಗಾಗಿ ಗಂಟಲಲ್ಲಿ ನೀರೂ ಇಳಿಯಲಿಲ್ಲ. ಅವ್ವ ಅಜ್ಜಿಯ ಮಾತು ಮೀರಿ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದಳು, ಹಿಂದೆ ನಾನು.

ಡಾಕ್ಟರಮ್ಮ ಗುಳ್ಳೆ ನೋಡಿದರು, ಬಾಯಿ ನೋಡಿದರು, ರಕ್ತ ತೆಗೆದರು. "ಇದು ಅಮ್ಮ ಅಲ್ಲ ಕಣಮ್ಮ, ಬೂಷ್ಟು. ರಕ್ತಕ್ಕೆ ಇಳಿದಂಗೈತೆ."

ಬೂಷ್ಟು! ಉಪ್ಪಿನಕಾಯಿಗೆ ಬರುತ್ತದಲ್ಲ, ಅದೇ. ಮಗುವಿನ ರಕ್ತದಲ್ಲಿ ಬೂಷ್ಟು ಬೆಳೆಯುತ್ತದಾ?

ಕ್ಯಾನ್ಸರ್ ಔಷಧಿಗೆ ಮೈಯ ಕಾವಲು ಬಿದ್ದುಹೋಗಿರುತ್ತದಂತೆ. ಆಗ ಅಂಥದ್ದೂ ಒಳಗೆ ನುಗ್ಗುತ್ತದಂತೆ.

ಹಳದಿ ಔಷಧಿಯ ಡ್ರಿಪ್ ಹಾಕಿದರು, ಬೆಳಕು ತಾಗದಂತೆ ಬಾಟಲಿಗೆ ಕಪ್ಪು ಕಾಗದ ಸುತ್ತಿದ್ದರು. "ನಡುಕ ಬರ್ತೈತೆ, ಹೆದರಬ್ಯಾಡ್ರಿ" ಅಂದರು.

ಹೆದರದೆ ಇರುವುದು ಹೇಗೆ? ಮಂಚವೇ ಅಲುಗುವಂತೆ ನಡುಗುತ್ತಾಳೆ, ಹಲ್ಲು ಕಟಕಟ ಅನ್ನುತ್ತದೆ. ಆ ಕಡೆ ಅವ್ವ, ಈ ಕಡೆ ನಾನು, ಒತ್ತಿ ಹಿಡಿದುಕೊಂಡಿದ್ದೇವೆ.

"ಜ್ವರ ಬಂದ ದಿನಾನೇ ಯಾಕೆ ಬರ್ಲಿಲ್ರೀ?" ಡಾಕ್ಟರಮ್ಮ ಬೈಯಲಿಲ್ಲ, ಕೇಳಿದರು ಅಷ್ಟೇ.

ಒಂಬತ್ತನೆಯ ಡ್ರಿಪ್ ಮುಗಿಯುವ ಮೊದಲೇ ಸುಮಿ ಹೋದಳು.

"ಅಮ್ಮ ತನ್ನ ಮಗೂನ ತಾನೇ ಕರ್ಕಂಡ್ಲು" ಅಂತ ಅಜ್ಜಿ ಸಾಯುವವರೆಗೂ ಸಮಾಧಾನ ಮಾಡಿಕೊಂಡಳು. ಅಲ್ಲಜ್ಜಿ, ನಾವೇ ಕಳಿಸಿಕೊಟ್ಟೆವು ಅನ್ನಲು ನನಗೆ ಬಾಯಿ ಬರಲಿಲ್ಲ... ನೀವಾಗಿದ್ದರೆ ಹೇಳುತ್ತಿದ್ದಿರಾ?