ಸಿನಿಮಾದ ಹಾವಿನ ತಲಿ, ಮೊಮ್ಮಗಳ ಜಡಿ

ಮೊಮ್ಮಗಳ ತಲಿಮ್ಯಾಲ ದೇವಿ ಬಂದಿರಲಿಲ್ಲ, ಗಂಟು ಬಿದ್ದಿತ್ತು. ಟೈಫಾಯ್ಡ್ ಬಂದು ಎರಡು ತಿಂಗಳು ಹಾಸಿಗಿ ಹಿಡಿದಿದ್ದಳು. ಯಾರೂ ಹಣಿಗಿ ಹಾಕಲಿಲ್ಲ, ಕೂದಲ ಒಂದಕ್ಕೊಂದು ಅಂಟಿ ಹಗ್ಗದಂಗ ಜಡಿಗಟ್ಟಿತು. ಎಲ್ಲವ್ವ ಬಂದಾಳ ಅಂತ ಮೊದಲ ಕೈ ಮುಗಿದಾಕಿ ನಾನ. ಆ ತಪ್ಪು ಬ್ಯಾರೆಯವರ ಮ್ಯಾಲ ಹಾಕೂದಿಲ್ಲ. ದೇವಿ ಜಡಿ ಕತ್ತರಿಸಬಾರದು ಅಂತ ಹೇಳಿ ಮಂಗಳವಾರ, ಶುಕ್ರವಾರ ಅದಕ್ಕ ಗುಡಿ ಅರಿಷಿಣ, ಭಂಡಾರ ಹಚ್ಚಿದೆ. ಘೋಣಸಗಿಯ ನಮ್ಮ ಓಣಿ ಹೆಂಗಸರು ಹದಿನೇಳು ವರ್ಷದ ಹುಡುಗಿ ಕಾಲಿಗೆ ಬೀಳಾಕತ್ತಿದರು. ಅಕಿ ನಾಚಿಕೊಂಡು ಕಾಲೇಜ ಬಿಟ್ಟು ಒಳಗ ಕುಂತಳು.

ಸ್ವಲ್ಪ ಹೊರಗ ಬರಲಿ ಅಂತ ವಿಜಯಪುರಕ್ಕ ಸಿನಿಮಾ ನೋಡಾಕ ಕರಕೊಂಡು ಹೋದೆ. ಗ್ರೀಕ ದೇಶದ ಹಳೇ ಕಥಿಯಂತ, ಹಿಂದಿಯೊಳಗ ಮಾತಾಡಿಸಿದ್ದರು. ಹಾರೋ ಕುದುರಿ, ಸಮುದ್ರದ ರಾಕ್ಷಸ, ಕತ್ತಿ ಹಿಡಿದ ಹುಡುಗ. ಅದರಾಗ ಒಬ್ಬಾಕಿ ಇದ್ದಳು, ತಲಿತುಂಬ ಕೂದಲ ಬದಲಿ ಹಾವು. ಅಕಿ ಮಾರಿ ನೋಡಿದವರು ಕಲ್ಲಾಗತಿದ್ದರು.

"ಹಿಂಗ್ಯಾಕ ಆದಳು?" ಅಂತ ಮೊಮ್ಮಗಳನ್ನ ಕೇಳಿದೆ.

"ಗುಡಿಯಾಗ ಒಬ್ಬ ದೇವರು ಅಕಿನ್ನ ಕೆಡಿಸಿದ, ಆಯಿ. ಆ ಗುಡಿ ದೇವಿ ಇಕಿಗೇ ಶಾಪ ಕೊಟ್ಟಳು."

"ಅವಂಗ?"

"ಅವಂಗ ಏನೂ ಇಲ್ಲ."

"ಚಲೋ ನ್ಯಾಯ ಬಿಡು."

ಆ ಹುಡುಗ ಢಾಲಿನ ಹೊಳಪಿನಾಗ ಅಕಿ ನೆರಳ ನೋಡಕೋತ ಹೋಗಿ ಕುತ್ತಿಗಿ ಕಡಿದ. ಮಂದಿ ಸೀಟಿ ಹೊಡೆದರು. ಮೊಮ್ಮಗಳು ದುಪಟ್ಟಾ ಹಣಿತನಕ ಎಳಕೊಂಡಳು.

"ನಿನಗ ಆ ಹಾವು ಬೇಕಾ ಬ್ಯಾಡಾ ಅಂತ ಅಕಿನ್ನ ಒಬ್ಬರೂ ಕೇಳಲಿಲ್ಲ," ಅಂದಳು.

ನಾನೂ ಇಕಿನ್ನ ಕೇಳಿರಲಿಲ್ಲ. ಅಲ್ಲೇ ಕೇಳಿದೆ. "ನಿನಗ ಬೇಕೇನ ಜಡಿ?"

"ಬ್ಯಾಡ. ನಾ ಕಾಲೇಜಿಗೆ ಹೋಗಬೇಕು."

ಊರಿಗೆ ಹೊಳ್ಳಿ ಬರೋ ಬಸ್ಸು ಟಿಕೋಟಾ ದಾಟೂದರಾಗ ಜಡಿ ಕತ್ತರಿಸೂದು ಅಂತ ನಂದು ನಿರ್ಧಾರ ಆಗಿತ್ತು. ಮನಿಗೆ ಬಂದು ಸೊಸಿಗೆ ಹೇಳಿದರ ಅಕಿ ಗಾಬರಿಯಾದಳು.

"ಅತ್ತೀ, ಭಂಡಾರ ಹಚ್ಚಿದವರೂ ನೀವ. ಈಗ ಏನರ ಕೇಡಾದ್ರ ಯಾರ್ರೀ ಹೊಣಿ?"

"ನಾನ. ದೇವಿ ಕೇಳಾಕ ಬಂದ್ರ ನನ್ನ ಕಡೆ ಕಳಸು. ಒಲಿ ಮುಂದ ಕುಂತಿರತೇನಿ."

ಮರುದಿನ ಮುಂಜಾನೆ ಹುಡುಗಿನ್ನ ಓಣಿಗೆಲ್ಲ ಕಾಣುವಂಗ ಕಟ್ಟಿಮ್ಯಾಲ ಕುಂಡ್ರಿಸಿದೆ. ಮನಿ ಕತ್ತರಿ ಆ ಗಂಟಿನಾಗ ಇಳೀಲೇ ಇಲ್ಲ. ಕುರಿ ಸಾಕಿದವರ ಮನಿಗೆ ಹೋಗಿ ಉಣ್ಣೆ ಕತ್ತರಿಸೋ ಕತ್ತರಿ ಇಸಕೊಂಡು ಬಂದು, ಜಡಿ ಬುಡಕ್ಕ ಕತ್ತರಿಸಿ, ತಲಿಗೆ ನೀರು ಹಾಕಿ, ಅಕಿನ್ನ ಒಂಬತ್ತರ ಬಸ್ಸಿಗೆ ಹತ್ತಿಸಿದೆ.